ಮೂರು ಪಾಸುಗಳ ವಾದ: ಕಾಲ್ಚೆಂಡಾಟದ ಒಂದು ಪ್ರಭಾವೀ ಬರಹದ ಮರುಓದು

ನವಿಮುಂಬಯಿಯ ನೆರೂಲ್‌ನಲ್ಲಿರುವ ಡಿ. ವೈ. ಪಾಟೀಲ್ ಕ್ರೀಡಾಂಗಣವು ಕ್ರಿಕೆಟ್‌ಗೆ ಹೆಸರಾದ ತಾಣವಾದರೂ ಕಾಲ್ಚೆಂಡಾಟದ ಎರಡು ಮಹತ್ವದ ದಿನಗಳನ್ನು ಕಂಡಿದೆ. 2017ರ ಅಕ್ಟೋಬರ್ 25ರಂದು ಹದಿನೇಳು ವರ್ಷದೊಳಗಿನ ಬಾಲಕರ ವಿಶ್ವಕಪ್ಪಿನ ಉಪಾಂತ್ಯ ಪಂದ್ಯದಲ್ಲಿ ಸ್ಪೇನ್ ತಂಡವು ಮಾಲಿ ತಂಡವನ್ನು 3-1ರಿಂದ ಇಲ್ಲಿ ಸೋಲಿಸಿತು. 2022ರ ಅಕ್ಟೋಬರ್ 30ರಂದು ಅದೇ ವಯೋಮಾನದ ಬಾಲಕಿಯರ ವಿಶ್ವಕಪ್ಪಿನ ಅಂತಿಮ ಪಂದ್ಯವೂ ಇಲ್ಲಿಯೇ ಜರುಗಿ, ಸ್ಪೇನ್ ಕೊಲಂಬಿಯಾವನ್ನು 1-0ರಿಂದ ಮಣಿಸಿತು. ಸ್ಪೇನಿನವರ ಆಟದ ಪರಿ ಎಲ್ಲರಿಗೂ ತಿಳಿದದ್ದೇ. ಚೆಂಡನ್ನು ಹತ್ತಿರದ ಜೊತೆಗಾರನಿಗೆ ಕೊಡುವುದು, ಮರಳಿ ಪಡೆಯುವುದು, ಮತ್ತೊಬ್ಬನಿಗೆ ಕೊಡುವುದು, ಎದುರಾಳಿಯ ಗೋಡೆಯಲ್ಲಿ ಬಿರುಕು ಕಾಣುವ ತನಕ ಕಾಯುವುದು. ಇದನ್ನು ನೋಡುವ ಯಾವ ಪ್ರೇಕ್ಷಕನಿಗಾದರೂ ಒಂದಲ್ಲ ಒಂದು ಗಳಿಗೆಯಲ್ಲಿ ತಾಳ್ಮೆ ತಪ್ಪಿ, ಇಷ್ಟೊಂದು ಸುತ್ತಾಡಿಸುವುದೇಕೆ, ನೇರವಾಗಿ ಮುಂದಕ್ಕೆ ಒದ್ದರಾಗದೇ ಎಂಬ ಪ್ರಶ್ನೆ ಮೂಡುತ್ತದೆ.

ಈ ಪ್ರಶ್ನೆಯನ್ನು ಅಂಕಿಅಂಶಗಳ ಸಮೇತ ಕೇಳಿ, ಉತ್ತರವನ್ನೂ ತಾನೇ ಬರೆದವನು ಇಂಗ್ಲೆಂಡಿನ ಒಬ್ಬ ಲೆಕ್ಕಿಗ. ಅವನ ವಾದವು ಒಂದು ರಾಷ್ಟ್ರದ ಕಾಲ್ಚೆಂಡಾಟದ ಶಿಕ್ಷಣವನ್ನೇ ಹಲವು ದಶಕಗಳ ಕಾಲ ಪ್ರಭಾವಿಸಿತು. ಆ ಬರಹವನ್ನೂ ಅದರಿಂದ ಹುಟ್ಟಿದ ಇನ್ನೊಂದು ಕೃತಿಯನ್ನೂ ಸಾವಧಾನವಾಗಿ ಓದಿ, ವಾದವು ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಜಾರುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕ್ರೀಡೆಯಲ್ಲಿ ಆಸಕ್ತಿಯಿಲ್ಲದ ಓದುಗರಿಗೂ ಇದು ಸಲ್ಲಬಹುದು. ಥಾಣೆ, ಡೊಂಬಿವಲಿ, ಕಲ್ಯಾಣ್ ಪರಿಸರದ ನಮ್ಮ ಮಕ್ಕಳು ಶಾಲೆಯಲ್ಲಿ ಆಂಗ್ಲ ಭಾಷೆಯ ಪತ್ರಿಕೆಗಾಗಿ ಒಂದು ಪಕ್ಷವನ್ನು ಹಿಡಿದು ವಾದಿಸುವ ಪ್ರಬಂಧಗಳನ್ನು ಬರೆಯುತ್ತಾರೆ. ಬರೆಯುವುದನ್ನು ಕಲಿಸುವಷ್ಟು ಶ್ರದ್ಧೆಯಿಂದ ಅಂತಹ ಪ್ರಬಂಧವನ್ನು ಓದುವುದನ್ನು ಯಾರೂ ಕಲಿಸುವಂತೆ ಕಾಣುವುದಿಲ್ಲ.

ಹಾಗೆ ನೋಡಿದರೆ ಕರಾವಳಿ ಮೂಲದ ಮುಂಬಯಿ ಕನ್ನಡಿಗರಿಗೆ ಈ ವಿದ್ಯೆ ಹೊಸದೇನಲ್ಲ. ತಾಳಮದ್ದಳೆಯ ಕೂಟದಲ್ಲಿ ವಾಲಿಯ ಅರ್ಥಧಾರಿ ರಾಮನನ್ನು ಪ್ರಶ್ನಿಸತೊಡಗಿದಾಗ, ಮರದ ಮರೆಯಿಂದ ಬಾಣ ಬಿಟ್ಟವನ ಧರ್ಮ ಯಾವುದೆಂದು ಕೇಳಿದಾಗ, ಸಭೆ ಅವನ ಪಕ್ಷಕ್ಕೆ ವಾಲುತ್ತದೆ. ರಾಮನ ಅರ್ಥಧಾರಿ ಉತ್ತರ ಕೊಟ್ಟಾಗ ಮರಳಿ ಈಚೆಗೆ ಬರುತ್ತದೆ. ಕೇಳುಗನು ಮಾತಿನ ಸೊಗಸನ್ನು ಸವಿಯುತ್ತಲೇ, ಇದು ಒಂದು ಪಾತ್ರದ ಪಕ್ಷವೆಂಬ ಎಚ್ಚರವನ್ನು ಇಟ್ಟುಕೊಂಡಿರುತ್ತಾನೆ. ಅಚ್ಚಾದ ಬರಹದ ಮುಂದೆ, ಅದರಲ್ಲೂ ಅಂಕಿಗಳಿರುವ ಬರಹದ ಮುಂದೆ, ಅದೇ ಕೇಳುಗ ಆ ಎಚ್ಚರವನ್ನು ಬಿಟ್ಟುಕೊಡುವುದೇಕೋ ತಿಳಿಯದು.

ಚಾರ್ಲ್ಸ್ ರೀಪ್ ಬ್ರಿಟಿಷ್ ವಾಯುಪಡೆಯಲ್ಲಿ ಲೆಕ್ಕಪತ್ರ ವಿಭಾಗದ ಅಧಿಕಾರಿಯಾಗಿದ್ದವನು. 1950ರ ಮಾರ್ಚ್ 18ರಂದು ಸ್ವಿಂಡನ್ ಪಟ್ಟಣದಲ್ಲಿ ಒಂದು ಪಂದ್ಯವನ್ನು ನೋಡುತ್ತಿದ್ದಾಗ, ದಾಳಿಗಳು ಮೇಲಿಂದ ಮೇಲೆ ವ್ಯರ್ಥವಾಗುವುದನ್ನು ಕಂಡು ಬೇಸತ್ತು, ಕಿಸೆಯಿಂದ ಪುಸ್ತಕ ತೆಗೆದು ಉತ್ತರಾರ್ಧದ ಪ್ರತಿಯೊಂದು ಚಲನೆಯನ್ನೂ ಗುರುತು ಹಾಕಿಕೊಳ್ಳತೊಡಗಿದನು. ಆ ಅಭ್ಯಾಸ ಮುಂದೆ ಜೀವನವ್ರತವಾಯಿತು. ಚೆಂಡು ಒಂದು ತಂಡದ ವಶಕ್ಕೆ ಬಂದಲ್ಲಿಂದ ಕೈತಪ್ಪುವವರೆಗೆ ಒಂದು ಸರಣಿ. ಆ ಸರಣಿಯಲ್ಲಿ ಎಷ್ಟು ಪಾಸುಗಳು ಕೂಡಿದವು, ಕೊನೆಗೆ ಗೋಲು ಬಂತೇ ಇಲ್ಲವೇ ಎಂಬುದೇ ಅವನ ಲೆಕ್ಕ. 1968ರಲ್ಲಿ ಬರ್ನಾರ್ಡ್ ಬೆಂಜಮಿನ್ ಎಂಬ ಸಂಖ್ಯಾಶಾಸ್ತ್ರಜ್ಞನ ಜೊತೆಗೂಡಿ, ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ನಿಯತಕಾಲಿಕದಲ್ಲಿ ಕಾಲ್ಚೆಂಡಾಟದಲ್ಲಿ ಕೌಶಲ ಎಷ್ಟು, ಆಕಸ್ಮಿಕ ಎಷ್ಟು ಎಂಬ ವಿಷಯದ ಮೇಲೆ ಪ್ರಬಂಧವೊಂದನ್ನು ಪ್ರಕಟಿಸಿದನು. ಗಣಕಯಂತ್ರದ ನೆರವಿಲ್ಲದೆ ನೂರಾರು ಪಂದ್ಯಗಳನ್ನು ಬರಿಗಣ್ಣಿನಿಂದ ನೋಡಿ, ಕೈಬರಹದಲ್ಲಿ ದಾಖಲಿಸಿದ ಪರಿಶ್ರಮಕ್ಕೆ ತಲೆಬಾಗಲೇಬೇಕು. ಇಂದಿನ ಕ್ರೀಡಾ ದತ್ತಾಂಶ ವಿಶ್ಲೇಷಣೆಯ ಮೂಲಪುರುಷರಲ್ಲಿ ಅವನೂ ಒಬ್ಬ.

ಅವನ ವಾದದ ತಿರುಳು ಇಷ್ಟು. ಗೋಲುಗಳಲ್ಲಿ ಸುಮಾರು ಶೇಕಡಾ 80ರಷ್ಟು ಮೂರು ಅಥವಾ ಅದಕ್ಕಿಂತ ಕಡಿಮೆ ಪಾಸುಗಳ ಸರಣಿಯಿಂದ ಬರುತ್ತವೆ. ಹತ್ತಿರ ಹತ್ತಿರ ಹತ್ತು ಹೊಡೆತಗಳಿಗೆ ಒಂದು ಗೋಲು ದೊರೆಯುತ್ತದೆ. ಆದುದರಿಂದ ಮಧ್ಯಮೈದಾನದಲ್ಲಿ ಪಾಸುಗಳನ್ನು ನೇಯುತ್ತ ಕೂರುವುದು ಕಾಲಹರಣ. ಚೆಂಡನ್ನು ಆದಷ್ಟು ಬೇಗ ಎದುರಾಳಿಯ ಗೋಲಿನ ಬಳಿಗೆ ಸಾಗಿಸಿ ಹೆಚ್ಚು ಹೊಡೆತಗಳನ್ನು ಹೊಡೆಯುವ ತಂಡವೇ ಕಾಲಕ್ರಮದಲ್ಲಿ ಗೆಲ್ಲುತ್ತದೆ. ಓದುವಾಗ ಎಲ್ಲಿಯೂ ತೊಡಕಿಲ್ಲ. ಒಂದು ವಾಕ್ಯದಿಂದ ಇನ್ನೊಂದಕ್ಕೆ ಮೆಟ್ಟಿಲಿಳಿದಂತೆ ಇಳಿದುಬಿಡಬಹುದು. ಮೋಸವಿರುವುದು "ಆದುದರಿಂದ" ಎಂಬ ಆ ಒಂದು ಪದದಲ್ಲಿ.

ಅದಕ್ಕೆ ಬರುವ ಮೊದಲು, ಈ ವಾದಕ್ಕೆ ಅಧಿಕೃತತೆಯ ಮುದ್ರೆ ಒತ್ತಿದ ಇನ್ನೊಬ್ಬರ ಪ್ರಸ್ತಾಪ ಅಗತ್ಯ. ಚಾರ್ಲ್ಸ್ ಹ್ಯೂಸ್ ಇಂಗ್ಲೆಂಡಿನ ಫುಟ್ಬಾಲ್ ಅಸೋಸಿಯೇಷನ್ನಿನ ತರಬೇತಿ ವಿಭಾಗದ ಮುಖ್ಯಸ್ಥರಾಗಿದ್ದವರು. ದೇಶದ ತರಬೇತುದಾರರಿಗೆ ಪಾಠ ಹೇಳುವ ಅಧಿಕಾರ ಅವರ ಕೈಯಲ್ಲಿತ್ತು. 1990ರಲ್ಲಿ ಅವರು "ಗೆಲುವಿನ ಸೂತ್ರ" ಎಂದು ಅರ್ಥ ಬರುವ ಶೀರ್ಷಿಕೆಯ ಕೃತಿಯನ್ನು ಹೊರತಂದರು. 109 ಪಂದ್ಯಗಳ 202 ಗೋಲುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇಕಡಾ 87ರಷ್ಟು ಐದು ಅಥವಾ ಅದಕ್ಕಿಂತ ಕಡಿಮೆ ಪಾಸುಗಳಿಂದ ಬಂದವು ಎಂದು ತೋರಿಸಿದರು. ರೀಪ್‌ನ ಮೂರು ಇಲ್ಲಿ ಐದಾಗಿದೆ ಎಂಬುದನ್ನು ಓದುಗರು ಗಮನಿಸಬೇಕು. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಬರೆಯುವವನ ಇಚ್ಛೆ. ಗೆರೆ ಮುಂದೆ ಸರಿದಷ್ಟೂ ಶೇಕಡಾವಾರು ತಾನಾಗಿಯೇ ಏರುತ್ತದೆ.

ಪದಗಳ ಆಯ್ಕೆಯನ್ನೂ ಸ್ವಲ್ಪ ನೋಡೋಣ. ಶೀರ್ಷಿಕೆಯಲ್ಲಿಯೇ ಸೂತ್ರವೆಂಬ ಮಾತಿದೆ. ಸೂತ್ರವೆಂದ ಮೇಲೆ ಅದು ಗಣಿತದಂತೆ ಸಂದೇಹಾತೀತ ಎಂಬ ಭಾವನೆ ಪುಟ ತೆರೆಯುವ ಮೊದಲೇ ಓದುಗನಲ್ಲಿ ನೆಲೆಯಾಗುತ್ತದೆ. ತಮ್ಮ ಶೈಲಿಯನ್ನು ಅವರು "ನೇರ ಆಟ" ಎಂದು ಕರೆದರು. ಒಂದನ್ನು ನೇರವೆಂದು ಹೆಸರಿಸಿದೊಡನೆ ಇನ್ನೊಂದು ವಕ್ರವಾಗಿಬಿಡುತ್ತದೆ. ವಾದಿಸುವ ಶ್ರಮವೇ ಉಳಿಯುತ್ತದೆ. ಎದುರಾಳಿಯ ಗೋಲಿನ ದೂರದ ಕಂಬದ ಸಮೀಪದ ಜಾಗಕ್ಕೆ "ಗರಿಷ್ಠ ಅವಕಾಶದ ಸ್ಥಾನ" ಎಂಬ ಪಾರಿಭಾಷಿಕ ಹೆಸರನ್ನಿಟ್ಟರು. ಆ ಜಾಗ ಗೋಲು ಗಳಿಸಲು ಅನುಕೂಲವೆಂಬುದು ಗಲ್ಲಿಯಲ್ಲಿ ಆಡುವ ಹುಡುಗನಿಗೂ ಗೊತ್ತು. ಆದರೆ ಪರಿಭಾಷೆ ಬಂದೊಡನೆ ಅದು ಶೋಧನೆಯಂತೆ ತೋರುತ್ತದೆ. ಇನ್ನು, ಆ 202 ಗೋಲುಗಳು ಬಂದ ಪಂದ್ಯಗಳಾದರೂ ಯಾವುವು? ಲಿವರ್‌ಪೂಲ್, ಬ್ರೆಜಿಲ್, ಪಶ್ಚಿಮ ಜರ್ಮನಿಯಂತಹ ಬಲಾಢ್ಯ ತಂಡಗಳು ಆಡಿದವು ಅವುಗಳಲ್ಲಿ ಸೇರಿದ್ದವು. ಗೆದ್ದವರು ಗೋಲು ಹೊಡೆದ ಬಗೆ ಅಲ್ಲಿದೆ. ಅದೇ ಬಗೆಯಲ್ಲಿ ಆಡಿ ಸೋತವರ ಪಟ್ಟಿ ಎಲ್ಲಿ?

ಈಗ ಮೂಲ ಲೆಕ್ಕಕ್ಕೆ ಬರೋಣ. ಹೋಟೆಲು ಉದ್ಯಮದ ಬಂಧುಗಳಿಗೆ ಇದು ಕೂಡಲೇ ಅರ್ಥವಾಗುವ ಸಂಗತಿ. ಒಂದು ಉಡುಪಿ ಹೋಟೆಲಿಗೆ ದಿನವೊಂದಕ್ಕೆ ನೂರು ಗಿರಾಕಿಗಳು ಬರುತ್ತಾರೆಂದು ಇಟ್ಟುಕೊಳ್ಳೋಣ. ಅವರಲ್ಲಿ 92 ಮಂದಿ ನಿಂತಲ್ಲೇ ಚಹಾ ಕುಡಿದು ಹೋಗುವವರು. 8 ಮಂದಿ ಕುಳಿತು ಊಟ ಮಾಡುವವರು. ನೂರು ರೂಪಾಯಿ ಲಾಭದಲ್ಲಿ 80 ರೂಪಾಯಿ ಚಹಾದಿಂದ, 20 ರೂಪಾಯಿ ಊಟದಿಂದ ಬಂದಿತೆನ್ನೋಣ. ಲಾಭದ ಶೇಕಡಾ 80 ಚಹಾದಿಂದಲೇ ಬರುತ್ತಿದೆ, ಆದುದರಿಂದ ಊಟದ ಮೇಜುಗಳನ್ನು ತೆಗೆಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ಗಲ್ಲದ ಮೇಲೆ ಕುಳಿತ ಮಾಲಕರು ನಕ್ಕುಬಿಡುವರು. ಚಹಾದವನಿಂದ ತಲಾ 87 ಪೈಸೆ, ಊಟದವನಿಂದ ತಲಾ ಎರಡೂವರೆ ರೂಪಾಯಿ ಎಂಬುದು ಅವರಿಗೆ ಕಾಗದ ಪೆನ್ಸಿಲು ಇಲ್ಲದೆಯೇ ಗೊತ್ತು.

ರೀಪ್‌ನ ಪ್ರಬಂಧದಲ್ಲಿ ಇರುವುದೂ ಬಹುಮಟ್ಟಿಗೆ ಇದೇ ಅಂಕಿಗಳು. ಗೋಲುಗಳಲ್ಲಿ ಶೇಕಡಾ 80 ಸಣ್ಣ ಸರಣಿಗಳಿಂದ ಬಂದವೆಂಬುದು ನಿಜ. ಆದರೆ ಒಟ್ಟು ಸರಣಿಗಳಲ್ಲಿ ಸುಮಾರು ಶೇಕಡಾ 91.5ರಷ್ಟು ಮೂರು ಪಾಸು ದಾಟುವುದೇ ಇಲ್ಲವೆಂಬುದೂ ಅವನದೇ ದಾಖಲೆ. ಸಾವಿರ ಸರಣಿಗಳಿಗೆ ಹತ್ತು ಗೋಲು ಬಂದಿತೆಂದು ಅನುಕೂಲಕ್ಕಾಗಿ ಇಟ್ಟುಕೊಂಡರೆ, 915 ಸಣ್ಣ ಸರಣಿಗಳಿಂದ 8 ಗೋಲು, 85 ದೀರ್ಘ ಸರಣಿಗಳಿಂದ 2 ಗೋಲು. ಅಂದರೆ ಸಣ್ಣ ಸರಣಿಗಳಲ್ಲಿ 114ಕ್ಕೆ ಒಂದು, ದೀರ್ಘ ಸರಣಿಗಳಲ್ಲಿ 42ಕ್ಕೆ ಒಂದು. ಶಾಲೆಯ ಗಣಿತದ ಭಾಷೆಯಲ್ಲಿ ಹೇಳುವುದಾದರೆ, ವಾದವು ಅಂಶವನ್ನು ಎತ್ತಿ ಹಿಡಿದು ಛೇದವನ್ನು ಮೇಜಿನ ಕೆಳಗೆ ಸರಿಸಿದೆ. ಜೊನಾಥನ್ ವಿಲ್ಸನ್ 2008ರಲ್ಲಿ ಪ್ರಕಟಿಸಿದ ಕಾಲ್ಚೆಂಡಾಟದ ವ್ಯೂಹಗಳ ಇತಿಹಾಸದಲ್ಲಿ ಈ ಲೋಪವನ್ನು ಸಾಮಾನ್ಯ ಓದುಗರ ಮುಂದೆ ಬಿಡಿಸಿಟ್ಟರು. ವೃತ್ತಿಯಿಂದ ಲೆಕ್ಕಿಗನಾದವನು ಲಾಭವನ್ನು ಬಂಡವಾಳದ ಜೊತೆ ಹೋಲಿಸದೆ ಬಿಟ್ಟದ್ದು ಸೋಜಿಗವೇ ಸರಿ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಜಾರುವಿಕೆ ಇದೆ. ಮೂರು ಪಾಸಿನೊಳಗೆ ಮುಗಿದ ಸರಣಿಗಳೆಲ್ಲ ನೇರ ಆಟದ ಫಲವೆಂದು ಬರಹವು ಓದುಗನನ್ನು ನಂಬಿಸುತ್ತದೆ. ವಾಸ್ತವದಲ್ಲಿ ಹತ್ತು ಪಾಸು ನೇಯಲು ಹೊರಟು ಎರಡನೆಯದರಲ್ಲೇ ಚೆಂಡು ಕಳೆದುಕೊಂಡ ತಂಡದ ಸರಣಿಯೂ ಅದೇ ಪಟ್ಟಿಗೆ ಸೇರುತ್ತದೆ. ರಕ್ಷಣಾಳು ಗಾಬರಿಯಿಂದ ಹೊರಗೆ ಒದ್ದ ಚೆಂಡೂ ಅಲ್ಲಿಯೇ ಇದೆ. ಆಟಗಾರ ಏನು ಮಾಡಲು ಬಯಸಿದ್ದ ಎಂಬುದಕ್ಕೆ ರೀಪ್‌ನ ಪುಸ್ತಕದಲ್ಲಿ ಕಲಮು ಇರಲಿಲ್ಲ. ಏನಾಯಿತು ಎಂಬುದಕ್ಕೆ ಮಾತ್ರ ಇತ್ತು. ಪರಿಣಾಮದ ಎಣಿಕೆಯಿಂದ ಉದ್ದೇಶದ ಯೋಗ್ಯತೆಯನ್ನು ತೀರ್ಮಾನಿಸಿದ್ದು ಈ ವಾದದ ಮೂಲದೋಷವೆಂದು ನನಗೆ ಅನಿಸುತ್ತದೆ. ನಮ್ಮ ನ್ಯಾಯಶಾಸ್ತ್ರದಲ್ಲಿ ಇಂತಹುದಕ್ಕೆ ಹೇತ್ವಾಭಾಸವೆಂಬ ಹೆಸರಿದೆ. ಹೇತುವಿನಂತೆ ಕಾಣುತ್ತದೆ, ಹೇತುವಲ್ಲ.

ಹಾಗಾದರೆ ದೀರ್ಘ ಸರಣಿಯೇ ಶ್ರೇಷ್ಠವೆಂದು ಸಿದ್ಧವಾಯಿತೇ? ಇಲ್ಲ. ಇಲ್ಲಿ ಅನೇಕ ಟೀಕಾಕಾರರು ಎಡವಿದ್ದಾರೆ. ದೀರ್ಘ ಸರಣಿಗಳು ಸಾಮಾನ್ಯವಾಗಿ ಬಲಿಷ್ಠ ತಂಡಗಳಿಗೆ, ಅದರಲ್ಲೂ ಎದುರಾಳಿ ಹಿಂದೆ ಸರಿದು ನಿಂತಾಗ ಒದಗುತ್ತವೆ. ಆ ತಂಡ ಹೇಗೆ ಆಡಿದರೂ ಹೆಚ್ಚು ಗೋಲು ಗಳಿಸುತ್ತಿತ್ತೋ ಏನೋ. ಮೈಕ್ ಹ್ಯೂಸ್ ಮತ್ತು ಇಯಾನ್ ಫ್ರಾಂಕ್ಸ್ ಎಂಬ ಸಂಶೋಧಕರು 1990 ಮತ್ತು 1994ರ ವಿಶ್ವಕಪ್ ಪಂದ್ಯಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಣಿಗಳ ಸಂಖ್ಯೆಯನ್ನು ಛೇದವಾಗಿ ಇಟ್ಟು ನೋಡಿದಾಗ ದೀರ್ಘ ಸರಣಿಗಳಿಂದಲೇ ಹೆಚ್ಚು ಗೋಲುಗಳು ದೊರೆಯುತ್ತವೆಂದು ತೋರಿಸಿದರು. ಆದರೆ ಗೋಲಿನತ್ತ ಹೊಡೆದ ಹೊಡೆತಗಳನ್ನು ಮಾತ್ರ ತೆಗೆದುಕೊಂಡರೆ, ಅವು ಗೋಲಾಗುವ ಪ್ರಮಾಣ ನೇರ ಆಟದಲ್ಲಿಯೇ ಹೆಚ್ಚೆಂಬುದೂ ಅದೇ ಅಧ್ಯಯನದಲ್ಲಿದೆ. ಎದುರಾಳಿ ಅಸ್ತವ್ಯಸ್ತವಾಗಿರುವಾಗ ದೊರೆಯುವ ಅವಕಾಶದ ಗುಣವೇ ಬೇರೆ ಎಂಬುದು ಇದಕ್ಕೆ ಕಾರಣವಿರಬಹುದು.

ರೀಪ್‌ನ ಇನ್ನೊಂದು ಗಮನಿಕೆ ಕಾಲದ ಪರೀಕ್ಷೆಯಲ್ಲಿ ನಿಂತಿದೆ. ಎದುರಾಳಿಯ ಗೋಲಿನ ಸಮೀಪವೇ ಚೆಂಡನ್ನು ಕಸಿದುಕೊಂಡಾಗ ಗೋಲಿನ ಸಂಭವ ಬಹಳ ಹೆಚ್ಚು ಎಂದು ಅವನು ಕಂಡುಕೊಂಡಿದ್ದನು. ಇಂದು ಜಗತ್ತಿನ ದೊಡ್ಡ ತಂಡಗಳೆಲ್ಲ ಎದುರಾಳಿಯ ಅಂಗಳದಲ್ಲೇ ಮುತ್ತಿಗೆ ಹಾಕಿ ಚೆಂಡು ಕಸಿಯುತ್ತವೆ. ಸ್ಪೇನಿನ ಶೈಲಿಯೂ ಅದಕ್ಕೆ ಹೊರತಲ್ಲ. ಒಂದು ಬರಹದ ತೀರ್ಮಾನ ತಪ್ಪಾದರೂ ಅದರೊಳಗಿನ ಒಂದು ಅವಲೋಕನ ಸರಿಯಾಗಿರಬಹುದು.

ಇಷ್ಟು ಬಿರುಕಿದ್ದ ವಾದವನ್ನು ಇಂಗ್ಲೆಂಡ್ ಒಪ್ಪಿದ್ದಾದರೂ ಹೇಗೆ? 1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೇರಿಯ ತಂಡ ತನ್ನ ನಯವಾದ ಪಾಸುಗಳಿಂದ ಇಂಗ್ಲೆಂಡನ್ನು 6-3ರಿಂದ ಸದೆಬಡಿದ ಗಾಯ ಮಾಯದಿದ್ದ ಕಾಲವದು. ಪರದೇಶದವರಿಂದ ಕಲಿಯಬೇಕಾದುದಿಲ್ಲ, ನಮ್ಮ ಹಳೆಯ ದಾರಿಯೇ ಸರಿ ಎಂದು ಅಂಕಿಗಳು ಹೇಳಿದರೆ ಯಾರಿಗೆ ಹಿತವಾಗದು? ವಾದಕ್ಕೆ ಒದಗಿದ ಉದಾಹರಣೆಗಳೂ ಸಾಮಾನ್ಯವಾದವಲ್ಲ. ಗ್ರಹಾಂ ಟೇಲರ್ ಅವರ ವಾಟ್‌ಫರ್ಡ್ ಎಂಬ ಸಣ್ಣ ಕ್ಲಬ್ಬು 1982-83ರ ಸಾಲಿನಲ್ಲಿ ದೇಶದ ಪ್ರಥಮ ದರ್ಜೆಯಲ್ಲಿ ಎರಡನೆಯ ಸ್ಥಾನಕ್ಕೇರಿತು. ವಿಂಬಲ್ಡನ್ 1988ರಲ್ಲಿ ಲಿವರ್‌ಪೂಲನ್ನು ಸೋಲಿಸಿ ಎಫ್. ಎ. ಕಪ್ ಗೆದ್ದಿತು. ರೀಪ್‌ನ ಅಭಿಮಾನಿಯಾಗಿದ್ದ ಎಗಿಲ್ ಓಲ್ಸನ್ ಅವರ ನಾರ್ವೆ 1998ರ ವಿಶ್ವಕಪ್ಪಿನಲ್ಲಿ ಬ್ರೆಜಿಲನ್ನೇ 2-1ರಿಂದ ಮಣಿಸಿತು. ಬಲಹೀನರಿಗೆ ಈ ಮಾರ್ಗ ಒಂದು ಒಳ್ಳೆಯ ಆಯುಧವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದೇ ಗ್ರಹಾಂ ಟೇಲರ್ ರಾಷ್ಟ್ರತಂಡದ ಹೊಣೆ ಹೊತ್ತಾಗ ಇಂಗ್ಲೆಂಡ್ 1994ರ ವಿಶ್ವಕಪ್ಪಿಗೆ ಅರ್ಹತೆಯನ್ನೇ ಪಡೆಯಲಿಲ್ಲ.

ನಮ್ಮ ದೇಶದ ಕಾಲ್ಚೆಂಡಾಟದಲ್ಲಿಯೂ ಇಂತಹುದೇ ಒಂದು ಪ್ರಬಲ ವಾದ ನಡೆದಿತ್ತು, ಮತ್ತು ಅದರ ನಡುವೆ ಇದ್ದವರು ನಮ್ಮ ಬೆಂಗಳೂರಿನವರು. 1937ರಲ್ಲಿ ಮುಂಬಯಿಗೆ ಬಂದು ರೋವರ್ಸ್ ಕಪ್ ಗೆದ್ದು, ಬ್ರಿಟಿಷ್ ಸೈನಿಕ ತಂಡಗಳ ಏಕಸ್ವಾಮ್ಯವನ್ನು ಮುರಿದದ್ದು ಬೆಂಗಳೂರು ಮುಸ್ಲಿಮ್ಸ್ ತಂಡವೆಂಬುದು ಇಂದಿನ ತಲೆಮಾರಿಗೆ ಅಷ್ಟಾಗಿ ತಿಳಿದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಗಳಿಸಿದವರು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಹೆಸರಿನಲ್ಲೇ ಕರಾವಳಿಯ ಊರನ್ನು ಹೊತ್ತ ಗೋಲ್‌ಕೀಪರ್ ಸಂಜೀವ ಉಚ್ಚಿಲ್ ಇದ್ದರು. ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು 1-2ರಿಂದ ಸೋತರೂ ಲಂಡನ್ನಿನ ಪ್ರೇಕ್ಷಕರು ಅವರನ್ನು ಮೆಚ್ಚಿಕೊಂಡರು. ನಾಲ್ಕು ವರ್ಷಗಳ ಬಳಿಕ, 1952ರಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಭಾರತ ಯುಗೋಸ್ಲಾವಿಯಕ್ಕೆ 1-10ರಿಂದ ಶರಣಾಯಿತು. ಆ ಒಂದೇ ಗೋಲು ಅಹ್ಮದ್ ಖಾನ್ ಅವರದು. ಮರಳಿ ಬಂದ ಬಳಿಕ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ಬೂಟು ಧರಿಸುವುದನ್ನು ಕಡ್ಡಾಯ ಮಾಡಿತು. 1956ರ ಮೆಲ್ಬರ್ನ್‌ನಲ್ಲಿ ಬೂಟು ಧರಿಸಿದ ಭಾರತ ನಾಲ್ಕನೆಯ ಸ್ಥಾನ ಪಡೆಯಿತು. ಮುಂಬಯಿಯ ನೆವಿಲ್ ಡಿಸೋಜಾ ಆಸ್ಟ್ರೇಲಿಯದ ವಿರುದ್ಧ ಮೂರು ಗೋಲು ಹೊಡೆದರು. ಬೆಂಗಳೂರಿನ ಕೆಂಪಯ್ಯ ತಂಡದಲ್ಲಿದ್ದರು. ಬರಿಗಾಲಿಗೆ ಸೋಲು, ಬೂಟಿಗೆ ಗೆಲುವು. ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕೇ?

ಬೇಕು. ಬರಿಗಾಲಿನ 1948ರ ಸೋಲು ಕೂದಲೆಳೆಯ ಸೋಲು. 1952ರ ಯುಗೋಸ್ಲಾವಿಯ ಆ ಕೂಟದಲ್ಲಿ ಬೆಳ್ಳಿ ಗೆದ್ದ ತಂಡ. 1956ರಲ್ಲಿ ಬೂಟು ಧರಿಸಿಯೂ ಭಾರತ ಅದೇ ಯುಗೋಸ್ಲಾವಿಯದ ಎದುರು 1-4ರಿಂದ ಸೋತಿತು. ಹೆಲ್ಸಿಂಕಿಯಲ್ಲಿ 25 ತಂಡಗಳಿದ್ದರೆ ಮೆಲ್ಬರ್ನ್‌ನಲ್ಲಿ ಇದ್ದವು 11. ಭಾರತವನ್ನು ಮೊದಲು ಎದುರಿಸಬೇಕಾಗಿದ್ದ ಹಂಗೇರಿ ಬರಲೇ ಇಲ್ಲ. ಇಲ್ಲಿಯೂ ಛೇದವನ್ನು ಕೇಳದೆ ನಾಲ್ಕನೆಯ ಸ್ಥಾನವೆಂಬ ಅಂಶವನ್ನಷ್ಟೇ ನಾವು ಹಾಡಿ ಹೊಗಳುತ್ತ ಬಂದಿದ್ದೇವೆ. ತಣ್ಣಗಿನ ಒದ್ದೆ ನೆಲದಲ್ಲಿ ಬೂಟು ಬೇಕೆಂಬುದು ಸರಿಯಾದ ತೀರ್ಮಾನವೇ. ಆದರೆ ಒಂದು ಸೋಲಿನ ಹೊಣೆಯನ್ನೆಲ್ಲ ಪಾದಗಳ ಮೇಲೆ ಹೊರಿಸಿದ್ದರಿಂದ, ಎದುರಾಳಿಯ ವೇಗ, ವ್ಯೂಹ, ತರಬೇತಿಯ ಅವಧಿ ಮುಂತಾದ ಇತರ ಪ್ರಶ್ನೆಗಳು ಹಿಂದೆ ಸರಿದವು ಎಂಬುದು ನನ್ನ ಅಭಿಪ್ರಾಯ.

ಈ ವಿಚಾರವು ಕೇವಲ ಗತಕಾಲದ ಪಾಂಡಿತ್ಯವಲ್ಲ. ಇಂದು ನಮ್ಮ ಉಪನಗರಗಳಲ್ಲಿ ಹತ್ತು ವರ್ಷದ ಮಕ್ಕಳನ್ನು ಕಾಲ್ಚೆಂಡಾಟದ ತರಬೇತಿಗೆ ಸೇರಿಸುವ ಪಾಲಕರು ಬಹಳಷ್ಟಿದ್ದಾರೆ. ಬೇಗ ಮುಂದಕ್ಕೆ ಒದೆಯಿರಿ ಎಂಬ ಕೂಗು ಯಾವ ಮೈದಾನದಲ್ಲಾದರೂ ಕೇಳಿಬರುತ್ತದೆ. ಆ ವಯಸ್ಸಿನಲ್ಲಿ ದೊಡ್ಡ ಮೈಯ ಹುಡುಗನೊಬ್ಬ ಉದ್ದಕ್ಕೆ ಒದ್ದರೆ, ವೇಗದ ಹುಡುಗನೊಬ್ಬ ಓಡಿ ಹಿಡಿದರೆ ಭಾನುವಾರದ ಪಂದ್ಯ ಗೆದ್ದಂತೆಯೇ. ರೀಪ್‌ನ ಲೆಕ್ಕ ಅಲ್ಲಿ ಅಕ್ಷರಶಃ ಫಲಿಸುತ್ತದೆ. ಆದರೆ ನಡುವಿನಲ್ಲಿ ನಿಂತ ಎಂಟು ಮಕ್ಕಳ ಕಾಲಿಗೆ ಚೆಂಡು ತಾಕದೆ ಋತು ಕಳೆಯುತ್ತದೆ. ಹದಿನಾರರಲ್ಲಿ ಎಲ್ಲರ ಮೈಕಟ್ಟು ಸಮನಾದಾಗ, ಚೆಂಡನ್ನು ಹಿಡಿದಿಡಲು ಬಾರದ ಹುಡುಗನಿಗೆ ಹೊಸದಾಗಿ ಕಲಿಯಲು ಸಮಯವಿರುವುದಿಲ್ಲ. ಇಂಗ್ಲೆಂಡಿನ ಸಂಸ್ಥೆಯೇ 2012ರಲ್ಲಿ ಸಣ್ಣ ಮಕ್ಕಳಿಗೆ ದೊಡ್ಡವರ ಮೈದಾನವನ್ನು ಬಿಡಿಸಿ, ಐದೈದು, ಏಳೇಳು, ಒಂಬತ್ತೊಂಬತ್ತು ಮಂದಿಯ ಕಿರಿದಾದ ಅಂಗಳದ ಆಟವನ್ನು ವಿಧಿಸಲು ಒಪ್ಪಿಕೊಂಡಿತು. ನಮ್ಮ ದೇಶದಲ್ಲಿ 2018ರಿಂದ ನಡೆದುಬಂದ ಗೋಲ್ಡನ್ ಬೇಬಿ ಲೀಗ್‌ಗಳ ಹಿಂದೆಯೂ ಇದೇ ತತ್ತ್ವವಿದೆ. 2017ರಲ್ಲಿ ಸ್ಪೇನನ್ನು ಕೋಲ್ಕತ್ತದ ಅಂತಿಮ ಪಂದ್ಯದಲ್ಲಿ 5-2ರಿಂದ ಸೋಲಿಸಿ ಬಾಲಕರ ವಿಶ್ವಕಪ್ಪನ್ನು ಗೆದ್ದದ್ದು ಇಂಗ್ಲೆಂಡೇ. ಹೊಸ ಶಿಕ್ಷಣಕ್ಕೆ ದೊರೆತ ಫಲವಿದು ಎನ್ನಲು ನಾಲಿಗೆ ತುರಿಸುತ್ತದೆ. ಆದರೆ ಒಂದು ಕೂಟದಿಂದ ತೀರ್ಮಾನಕ್ಕೆ ಬರಬಾರದೆಂದು ಇಷ್ಟು ಹೊತ್ತು ವಾದಿಸಿದ ಮೇಲೆ ನಾನೂ ಸುಮ್ಮನಿರಬೇಕು.

ತರಬೇತಿ ಶಿಬಿರದ ಜಾಹೀರಾತಿಗೂ ಇದೇ ಓದನ್ನು ಅನ್ವಯಿಸಬಹುದು. ಜಿಲ್ಲಾ ತಂಡಕ್ಕೆ ನಮ್ಮ ಇಪ್ಪತ್ತು ಮಕ್ಕಳು ಆಯ್ಕೆಯಾದರು ಎಂಬ ಫಲಕ ಕಂಡಾಗ, ಸೇರಿದವರು ಎಷ್ಟು ಮಂದಿ, ಎಷ್ಟು ವರ್ಷಗಳಲ್ಲಿ, ಬಿಟ್ಟುಹೋದವರು ಎಷ್ಟು ಎಂದು ಕೇಳುವ ಹಕ್ಕು ಶುಲ್ಕ ಕಟ್ಟುವ ಪಾಲಕರಿಗೆ ಇದೆ. ಹತ್ತನೆಯ ತರಗತಿಯ ಕೋಚಿಂಗ್ ಕ್ಲಾಸುಗಳ ಫಲಕಗಳ ವಿಷಯದಲ್ಲಿ ಡೊಂಬಿವಲಿ, ಕಲ್ಯಾಣ್‌ನ ತಾಯಂದಿರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ಕೊನೆಯದಾಗಿ ಬೆಂಗಳೂರು ಎಫ್. ಸಿ. ತಂಡದ ಒಂದು ಪ್ರಸಂಗ. 2013ರಲ್ಲಿ ಹುಟ್ಟಿದ ಈ ತಂಡವು ಆ್ಯಶ್ಲಿ ವೆಸ್ಟ್‌ವುಡ್ ಎಂಬ ಆಂಗ್ಲ ತರಬೇತುದಾರರ ಕೈಕೆಳಗೆ, ಮೈಕಟ್ಟು, ಶಿಸ್ತು, ಕಾರ್ನರ್ ಮತ್ತು ಫ್ರೀ ಕಿಕ್‌ಗಳ ಬಲದಿಂದ ಎರಡು ಬಾರಿ ಐ-ಲೀಗ್ ಗೆದ್ದಿತು. 2016ರಲ್ಲಿ ಬಾರ್ಸಿಲೋನಾದ ಸಂಪ್ರದಾಯದಿಂದ ಬಂದ ಆಲ್ಬರ್ಟ್ ರೋಕಾ, ಅವರ ಬಳಿಕ ಕಾರ್ಲೆಸ್ ಕ್ವಾದ್ರಾತ್ ಅದೇ ತಂಡಕ್ಕೆ ಪಾಸುಗಳ ಆಟವನ್ನು ಕಲಿಸಿದರು. ರೋಕಾ ಬಂದ ವರ್ಷವೇ ಎ. ಎಫ್. ಸಿ. ಕಪ್ಪಿನ ಅಂತಿಮ ಹಂತ ತಲುಪಿದ ಮೊದಲ ಭಾರತೀಯ ತಂಡವೆಂಬ ಹಿರಿಮೆ ದೊರೆಯಿತು. 2019ರ ಮಾರ್ಚ್ 17ರಂದು ಇಂಡಿಯನ್ ಸೂಪರ್ ಲೀಗ್‌ನ ಅಂತಿಮ ಪಂದ್ಯ ನಮ್ಮ ಅಂಧೇರಿಯ ಮೈದಾನದಲ್ಲೇ ನಡೆಯಿತು. ಎದುರಾಳಿ ಗೋವಾ. ನಿಗದಿತ ತೊಂಬತ್ತು ನಿಮಿಷಗಳಲ್ಲಿ ಗೋಲಿಲ್ಲ. ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಿತ್ತು. 117ನೆಯ ನಿಮಿಷದಲ್ಲಿ ದಿಮಾಸ್ ದೆಲ್ಗಾಡೊ ಕಾರ್ನರ್ ಒದ್ದರು, ಮುಂಬಯಿಯಲ್ಲೇ ಹುಟ್ಟಿ ಬೆಳೆದ ರಾಹುಲ್ ಭೇಕೆ ತಲೆಯಿಂದ ಚೆಂಡನ್ನು ಬಲೆಗೆ ಕಳುಹಿಸಿದರು. ರೀಪ್ ಬದುಕಿದ್ದು ಪುಸ್ತಕ ಹಿಡಿದು ಆ ಸಂಜೆ ಅಲ್ಲಿ ಕುಳಿತಿದ್ದರೆ, ಒಂದೇ ಪಾಸು, ಒಂದು ಗೋಲು ಎಂದು ಸಣ್ಣ ಸರಣಿಗಳ ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದನು. ಅದಕ್ಕೆ ಮುಂಚಿನ 116 ನಿಮಿಷ ಗೋವಾದ ಆಟಗಾರರನ್ನು ಅತ್ತಿಂದಿತ್ತ ಓಡಿಸಿದ ಪಾಸುಗಳಿಗೆ ಆ ಪುಸ್ತಕದಲ್ಲಿ ಕಲಮು ಇರಲಿಲ್ಲ.